ವಿಮಾನ ತಯಾರಿಸುವ ಕಂಪನಿಯ ಷೇರು ಪ್ರೀಮಿಯಂ: ವರ್ಷವರ್ಷದ ಲೆಕ್ಕ ಇಡುವುದು ಹೇಗೆ?

ಕಾಸರಗೋಡಿನ ಸೀತಾಂಗೋಳಿಯಲ್ಲಿ ವಿಮಾನ ತಯಾರಿಸುವ ಸರ್ಕಾರಿ ಕಂಪನಿ ಎಚ್‌ಎಎಲ್‌ನ ಕಾರ್ಖಾನೆ ಬಂದ ಮೇಲೆ ನಮ್ಮ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಆ ಕಂಪನಿಯ ಷೇರು ಇಟ್ಟುಕೊಂಡವರು ಸುಮಾರು ಜನ ಇದ್ದಾರೆ. ನಮ್ಮೂರಲ್ಲೇ ಕಾರ್ಖಾನೆ ಇದೆಯಲ್ಲ ಎನ್ನುವ ಅಭಿಮಾನ ಒಂದು, ಅಡಿಕೆ ದುಡ್ಡು ಕೈಯಲ್ಲಿದ್ದಾಗ ಬಂದ ಆಸೆ ಇನ್ನೊಂದು. 2018ರ ಮಾರ್ಚ್‌ನಲ್ಲಿ ಆ ಷೇರು ಮೊದಲು ಪೇಟೆಗೆ ಬಂದಾಗ ಬೆಲೆ 1,215 ರೂಪಾಯಿ. ಆಮೇಲೆ 2023ರಲ್ಲಿ ಒಂದು ಷೇರು ಎರಡಾಯಿತು. ಹಾಗೆ ಒಡೆದ ಮೇಲೂ 2024ರಲ್ಲಿ ಅದರ ಬೆಲೆ 5,000 ದಾಟಿತು. ಈಗ ಒಂದು ಪ್ರಶ್ನೆ. ಈ ಏರಿಕೆಯಲ್ಲಿ ಕಂಪನಿಯ ಖಜಾನೆಗೆ ಬಂದದ್ದೆಷ್ಟು?

ಏನೂ ಇಲ್ಲ. 2018ರಲ್ಲಿ ಮಾರಿದ್ದು ಕೇಂದ್ರ ಸರ್ಕಾರ, ತನ್ನ ಕೈಯಲ್ಲಿದ್ದ ಷೇರನ್ನು. ದುಡ್ಡು ಹೋದದ್ದೂ ಸರ್ಕಾರಕ್ಕೇ. ಆಮೇಲೆ ನೀವು ಕೊಂಡದ್ದು ಇನ್ನೊಬ್ಬ ಷೇರುದಾರನಿಂದ. ಕಂಪನಿಗೆ ಅದರಲ್ಲಿ ಪಾಲಿಲ್ಲ.

ಷೇರುದಾರರು ನಿಜವಾಗಿ ಕಂಪನಿಗೆ ಹಾಕಿದ ದುಡ್ಡು ಎಷ್ಟು ಎಂದು ತಿಳಿಯಲು ಲೆಕ್ಕಪತ್ರದಲ್ಲಿ ಎರಡು ಸಾಲು ಇವೆ. ಒಂದು ಷೇರು ಬಂಡವಾಳ, ಅಂದರೆ ಎಲ್ಲ ಷೇರುಗಳ ಮುಖಬೆಲೆಯ (ಷೇರಿನ ಮೇಲೆ ಬರೆದ ಮೂಲಬೆಲೆಯ) ಮೊತ್ತ. ಇನ್ನೊಂದು ಮುಖಬೆಲೆಗಿಂತ ಮೇಲೆ ಕೊಟ್ಟ ದುಡ್ಡು. ನಮ್ಮಲ್ಲಿ ಅದಕ್ಕೆ ಸೆಕ್ಯೂರಿಟೀಸ್ ಪ್ರೀಮಿಯಂ ಅನ್ನುತ್ತಾರೆ, ಅಮೆರಿಕದಲ್ಲಿ ಅಡಿಷನಲ್ ಪೇಯ್ಡ್-ಇನ್ ಕ್ಯಾಪಿಟಲ್. ಈ ಎರಡನೇ ಸಾಲನ್ನು ಹತ್ತು ವರ್ಷದ ಉದ್ದಕ್ಕೆ ಹಿಂಬಾಲಿಸುವುದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ವಿಮಾನ ಉದ್ಯಮಕ್ಕೆ ಇದು ಯಾಕೆ ಮುಖ್ಯ ಅಂದರೆ, ಇಲ್ಲಿ ಯಂತ್ರ ದುಬಾರಿ, ಆರ್ಡರ್ ಬಂದು ದುಡ್ಡಾಗಲು ವರ್ಷಗಳು ಬೇಕು. ಆ ನಡುವಿನ ಕಾಲಕ್ಕೆ ಒಂದೋ ಸಾಲ, ಇಲ್ಲವೇ ಹೊಸ ಷೇರು. ಪ್ರೀಮಿಯಂ ಸಾಲು ಆ ಎರಡನೇ ದಾರಿಯ ದಾಖಲೆ.

ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನ ಷೇರು ಮಾತ್ರ ನೋಡಿದವರಿಗೆ ಇದು ಸ್ವಲ್ಪ ಹೊಸತು. ಅಲ್ಲಿ ಮುಖಬೆಲೆಗೇ ಸದಸ್ಯ ಆಗುವುದು, ಬಿಟ್ಟಾಗ ಮುಖಬೆಲೆಯೇ ವಾಪಸ್. ಬ್ಯಾಂಕಿಗೆ ಎಷ್ಟೇ ಲಾಭ ಬಂದಿರಲಿ, ಹೊಸ ಸದಸ್ಯ ಹಳಬನಿಗಿಂತ ಜಾಸ್ತಿ ಕೊಡುವುದಿಲ್ಲ. ಕಂಪನಿಯಲ್ಲಿ ಹಾಗಲ್ಲ. ತಡವಾಗಿ ಬಂದವನು ಜಾಸ್ತಿ ಕೊಟ್ಟೇ ಒಳಗೆ ಬರುತ್ತಾನೆ.

ಮೊದಲು ಸಾಲನ್ನು ಹುಡುಕಿ

ಭಾರತದ ಕಂಪನಿಯ ಬ್ಯಾಲೆನ್ಸ್ ಶೀಟ್‌ನಲ್ಲಿ, ಅಂದರೆ ಆಸ್ತಿ-ಸಾಲದ ಪಟ್ಟಿಯಲ್ಲಿ, ಪ್ರೀಮಿಯಂ ನೇರವಾಗಿ ಕಾಣುವುದಿಲ್ಲ. ಅಲ್ಲಿ ಇರುವುದು ‘ಅದರ್ ಈಕ್ವಿಟಿ’ ಎನ್ನುವ ಒಂದೇ ಮೊತ್ತ. ಲಾಭದ ಉಳಿಕೆ, ಜನರಲ್ ರಿಸರ್ವ್, ಪ್ರೀಮಿಯಂ ಎಲ್ಲ ಅದರಲ್ಲೇ ಸೇರಿರುತ್ತವೆ. ಎರಡು ಮೂರು ಪುಟ ಮುಂದೆ ಹೋಗಿ. ‘ಸ್ಟೇಟ್‌ಮೆಂಟ್ ಆಫ್ ಚೇಂಜಸ್ ಇನ್ ಈಕ್ವಿಟಿ’ ಎನ್ನುವ ಅಗಲವಾದ ಪಟ್ಟಿ ಸಿಗುತ್ತದೆ. ಅದರಲ್ಲಿ ಸೆಕ್ಯೂರಿಟೀಸ್ ಪ್ರೀಮಿಯಂಗೆ ಬೇರೆ ಕಾಲಮ್ ಇರುತ್ತದೆ. ವರ್ಷದ ಆರಂಭಕ್ಕೆ ಎಷ್ಟು, ಏನು ಸೇರಿತು, ಏನು ಹೋಯಿತು, ಕೊನೆಗೆ ಎಷ್ಟು ಎಲ್ಲ ಅಲ್ಲೇ. ನಮ್ಮ ಕೆಲಸಕ್ಕೆ ಇಡೀ ವಾರ್ಷಿಕ ವರದಿಯಲ್ಲಿ ಇದಕ್ಕಿಂತ ಬೆಲೆಬಾಳುವ ಪುಟ ಇಲ್ಲ. ಹಳೆಯ ವರದಿಗಳಲ್ಲಿ, ಅಂದರೆ ಇಂಡ್ ಎಎಸ್ ಲೆಕ್ಕಪದ್ಧತಿ ಬರುವ ಮೊದಲಿನವುಗಳಲ್ಲಿ, ಇದನ್ನು ‘ರಿಸರ್ವ್ಸ್ ಅಂಡ್ ಸರ್‌ಪ್ಲಸ್’ ಟಿಪ್ಪಣಿಯ ಕೆಳಗೆ ನೋಡಬೇಕು.

ಹೊರದೇಶದ ಕಂಪನಿಗಳಲ್ಲಿ ಒಬ್ಬೊಬ್ಬರದು ಒಂದೊಂದು ಹೆಸರು. ಬೋಯಿಂಗ್ ‘ಅಡಿಷನಲ್ ಪೇಯ್ಡ್-ಇನ್ ಕ್ಯಾಪಿಟಲ್’ ಎಂದೇ ಬರೆಯುತ್ತದೆ. ಗಲ್ಫ್‌ಸ್ಟ್ರೀಮ್ ವಿಮಾನಗಳ ಒಡೆಯ ಜನರಲ್ ಡೈನಾಮಿಕ್ಸ್ ಬರೀ ‘ಸರ್‌ಪ್ಲಸ್’ ಅನ್ನುತ್ತದೆ. ಅದನ್ನು ಲಾಭದ ಉಳಿಕೆ ಅಂದುಕೊಂಡು ದಾಟಿ ಹೋಗಬೇಡಿ. ಪ್ರಾಟ್ ಅಂಡ್ ವಿಟ್ನಿ ಇಂಜಿನ್ ಮಾಡುವ ಆರ್‌ಟಿಎಕ್ಸ್‌ನಲ್ಲಿ ಬೇರೆ ಸಾಲೇ ಇಲ್ಲ, ಮುಖಬೆಲೆ ಮತ್ತು ಪ್ರೀಮಿಯಂ ಎರಡೂ ‘ಕಾಮನ್ ಸ್ಟಾಕ್’ ಒಳಗೇ ಸೇರಿವೆ. ಏರ್‌ಬಸ್‌ನಲ್ಲಿ ‘ಷೇರ್ ಪ್ರೀಮಿಯಂ’.

ಕಾಗದ ಎಲ್ಲಿ ಸಿಗುತ್ತದೆ

ಪೇಟೆಯಲ್ಲಿರುವ ಭಾರತೀಯ ಕಂಪನಿಗಳ ವಾರ್ಷಿಕ ವರದಿ ಬಿಎಸ್‌ಇ, ಎನ್‌ಎಸ್‌ಇ ಎಂಬ ಷೇರುಪೇಟೆಗಳ ತಾಣಗಳಲ್ಲಿ ಪುಕ್ಕಟೆ ಸಿಗುತ್ತದೆ. ಕಂಪನಿಯ ತಾಣದಲ್ಲಿ ‘ಇನ್ವೆಸ್ಟರ್ಸ್’ ಪುಟದಲ್ಲೂ ಇರುತ್ತದೆ. ಪೇಟೆಗೆ ಬರುವ ಮೊದಲಿನ ವರ್ಷಗಳ ಲೆಕ್ಕ ಬೇಕಾದರೆ ಐಪಿಒ ಪ್ರಾಸ್ಪೆಕ್ಟಸ್ ತೆರೆಯಿರಿ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರುವಾಗ ಕಂಪನಿ ಕೊಡುವ ವಿವರ ಪುಸ್ತಕ. ಅದರಲ್ಲಿ ಹಿಂದಿನ ಮೂರು ವರ್ಷದ ಲೆಕ್ಕವೂ, ಕಂಪನಿ ಹುಟ್ಟಿದ ದಿನದಿಂದ ಯಾರಿಗೆ ಯಾವ ಬೆಲೆಗೆ ಎಷ್ಟು ಷೇರು ಕೊಟ್ಟರು ಎನ್ನುವ ಪಟ್ಟಿಯೂ ಇರುತ್ತದೆ. ‘ಕ್ಯಾಪಿಟಲ್ ಸ್ಟ್ರಕ್ಚರ್’ ಎನ್ನುವ ಆ ಅಧ್ಯಾಯವನ್ನು ಜನ ಓದುವುದೇ ಕಡಿಮೆ. ನನ್ನ ಮಟ್ಟಿಗೆ ಪ್ರಾಸ್ಪೆಕ್ಟಸ್‌ನ ಅತಿ ರುಚಿಯ ಭಾಗ ಅದು. ಪ್ರವರ್ತಕರು, ಅಂದರೆ ಕಂಪನಿ ಕಟ್ಟಿದವರು, ಹತ್ತು ರೂಪಾಯಿಗೆ ತೆಗೆದುಕೊಂಡದ್ದನ್ನು ನಮಗೆ ಎಷ್ಟಕ್ಕೆ ಕೊಡುತ್ತಿದ್ದಾರೆ ಎಂದು ಅಲ್ಲಿ ಕಣ್ಣಿಗೆ ರಾಚುತ್ತದೆ.

ಅಮೆರಿಕದ ಕಂಪನಿಗಳಿಗೆ ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿ ನಡೆಸುವ ಎಡ್ಗರ್ ತಾಣ ಸಾಕು. ವರ್ಷದ ವರದಿಗೆ 10-ಕೆ, ಮೂರು ತಿಂಗಳ ವರದಿಗೆ 10-ಕ್ಯೂ ಎಂದು ಹೆಸರು. ಹಣ ಕೊಡಬೇಕಾಗಿಲ್ಲ, ಲಾಗಿನ್ ಬೇಡ.

ಇಲ್ಲಿ ಒಂದು ವ್ಯತ್ಯಾಸ ಗಮನದಲ್ಲಿರಲಿ. ಬೋಯಿಂಗ್‌ನಂತಹ ಕಂಪನಿಯಲ್ಲಿ ಈ ಸಾಲನ್ನು ಮೂರು ತಿಂಗಳಿಗೊಮ್ಮೆ ನೋಡಬಹುದು. ನಮ್ಮ ಕಂಪನಿಗಳು ಬ್ಯಾಲೆನ್ಸ್ ಶೀಟ್ ಕೊಡುವುದೇ ಸೆಪ್ಟೆಂಬರ್‌ಗೊಮ್ಮೆ, ಮಾರ್ಚ್‌ಗೊಮ್ಮೆ. ಆ ಫಲಿತಾಂಶದ ಹಾಳೆಯಲ್ಲೂ ‘ಅದರ್ ಈಕ್ವಿಟಿ’ಯ ಒಟ್ಟು ಮೊತ್ತ ಮಾತ್ರ. ಪ್ರೀಮಿಯಂನ ಬಿಡಿ ಲೆಕ್ಕಕ್ಕೆ ವಾರ್ಷಿಕ ವರದಿಗೇ ಕಾಯಬೇಕು. ಷೇರು ಮಾಹಿತಿ ಕೊಡುವ ಆ್ಯಪ್‌ಗಳಲ್ಲಿ ‘ರಿಸರ್ವ್ಸ್’ ಎಂದು ತೋರಿಸುವ ಅಂಕಿಯೂ ಎಲ್ಲ ಕಲಸಿದ್ದೇ. ಅದನ್ನು ಪ್ರೀಮಿಯಂ ಎಂದು ಹಾಳೆಗೆ ಹಾಕಿದರೆ ಇಡೀ ಲೆಕ್ಕ ಕೆಡುತ್ತದೆ.

ಹಾಳೆ ಹಾಕುವುದು

ಎಕ್ಸೆಲ್ ಆದರೂ ಸರಿ, ಗೀಟು ಹಾಕಿದ ನೋಟ್‌ಬುಕ್ ಆದರೂ ಸರಿ. ವರ್ಷಕ್ಕೊಂದು ಸಾಲು. ಎಡದಿಂದ ಬಲಕ್ಕೆ ಹೀಗೆ ಇರಲಿ: ವರ್ಷ, ಆರಂಭದ ಪ್ರೀಮಿಯಂ, ಹೊಸ ಷೇರಿನಿಂದ ಸೇರಿದ್ದು, ನೌಕರರ ಷೇರು ಯೋಜನೆಯಿಂದ ಸೇರಿದ್ದು, ಷೇರು ಹಂಚಿಕೆಯ ಖರ್ಚು, ಬೋನಸ್ (ಪುಕ್ಕಟೆ ಷೇರು) ಅಥವಾ ಬೈಬ್ಯಾಕ್‌ಗೆ (ಕಂಪನಿ ತನ್ನ ಷೇರನ್ನು ವಾಪಸ್ ಕೊಳ್ಳುವುದಕ್ಕೆ) ಹೋದದ್ದು, ಕೊನೆಯ ಪ್ರೀಮಿಯಂ. ಇವುಗಳ ಪಕ್ಕ ಒಟ್ಟು ಷೇರುಗಳ ಸಂಖ್ಯೆ ಮತ್ತು ಮುಖಬೆಲೆ. ಕೊನೆಯಲ್ಲಿ ಅಗಲವಾದ ಒಂದು ಕಾಲಮ್ ಬಿಡಿ, ಅದರ ಹೆಸರು ‘ಕಾರಣ’.

ನಾನು ಹೇಳಬೇಕೆಂದಿರುವುದು ಈ ಕೊನೆಯ ಕಾಲಮ್ ಬಗ್ಗೆಯೇ. ಪ್ರೀಮಿಯಂ ದೊಡ್ಡದಾದರೆ ಒಳ್ಳೆಯದು, ಸಣ್ಣದಾದರೆ ಕೆಟ್ಟದ್ದು ಅಂತ ಏನೂ ಇಲ್ಲ. ಅಂಕಿ ಯಾಕೆ ಬದಲಾಯಿತು ಎನ್ನುವುದರಲ್ಲೇ ಎಲ್ಲ ಇದೆ. ಪ್ರತಿ ಬದಲಾವಣೆಗೂ ಒಂದು ವಾಕ್ಯದ ಕಾರಣ ಬರೆಯಲು ಆಗಬೇಕು. ಆಗದಿದ್ದರೆ ಆ ವರ್ಷದ ಟಿಪ್ಪಣಿ ಇನ್ನೂ ಓದಿ ಮುಗಿದಿಲ್ಲ ಎಂದರ್ಥ.

ತುಂಬುವಾಗ ಹೊಸ ವರ್ಷದಿಂದ ಹಿಂದಕ್ಕೆ ಹೋಗಿ. ಪ್ರತಿ ವರದಿಯಲ್ಲೂ ಎರಡು ವರ್ಷದ ಲೆಕ್ಕ ಇರುವುದರಿಂದ ಹತ್ತು ವರ್ಷಕ್ಕೆ ಐದು ವರದಿ ಸಾಕು ಅನ್ನಿಸಬಹುದು. ಆದರೂ ಎಲ್ಲವನ್ನೂ ತೆರೆದು ನೋಡಿ. ಹಿಂದಿನ ವರ್ಷದ ಕೊನೆಯ ಮೊತ್ತ, ಈ ವರ್ಷದ ಆರಂಭದ ಮೊತ್ತ ಎರಡೂ ಒಂದೇ ಇರಬೇಕು. ಬೇರೆ ಇದ್ದರೆ ಕಂಪನಿ ಹಳೆಯ ಲೆಕ್ಕವನ್ನು ತಿದ್ದಿದೆ, ಇಲ್ಲವೇ ಬೇರೊಂದು ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಅದೂ ಕಾರಣದ ಕಾಲಮ್‌ಗೆ ಹೋಗಲಿ.

ಒಂದು ಲೆಕ್ಕ ಮಾಡಿ ನೋಡೋಣ

ಹೈದರಾಬಾದಿನ ಆಜಾದ್ ಇಂಜಿನಿಯರಿಂಗ್ ವಿಮಾನ ಮತ್ತು ಟರ್ಬೈನ್ ಬಿಡಿಭಾಗ ಮಾಡುವ ಕಂಪನಿ. 2023ರ ಡಿಸೆಂಬರ್‌ನಲ್ಲಿ 740 ಕೋಟಿಯ ಐಪಿಒ ತಂದಿತು. ಪತ್ರಿಕೆಯ ತಲೆಬರಹದಲ್ಲಿ ಬಂದದ್ದು ಆ 740. ಆದರೆ ಅದರಲ್ಲಿ 500 ಕೋಟಿ ಹಳೆಯ ಷೇರುದಾರರು ಮಾರಿದ್ದು. ಹೊಸ ಷೇರಿನಿಂದ ಕಂಪನಿಗೆ ಬಂದದ್ದು 240 ಕೋಟಿ ಮಾತ್ರ. ಬೆಲೆ 524, ಮುಖಬೆಲೆ 2 ರೂಪಾಯಿ.

240 ಕೋಟಿಯನ್ನು 524ರಿಂದ ಭಾಗಿಸಿ. ಸುಮಾರು 45.8 ಲಕ್ಷ ಷೇರು ಬಂತು. ಒಂದೊಂದಕ್ಕೆ 2 ರೂಪಾಯಿಯಂತೆ ಷೇರು ಬಂಡವಾಳಕ್ಕೆ ಹೋದದ್ದು 92 ಲಕ್ಷದ ಹತ್ತಿರ. ಉಳಿದ 239 ಕೋಟಿ ಚಿಲ್ಲರೆ ಪ್ರೀಮಿಯಂಗೆ. ಅದರಿಂದ ಹಂಚಿಕೆಯ ಖರ್ಚು ಕಳೆಯಬೇಕು. ಅದೇ ವರ್ಷ ಬೇರೆ ರೀತಿಯಲ್ಲಿ ಷೇರು ಕೊಟ್ಟಿದ್ದರೆ ಅದಕ್ಕೆ ಬೇರೆ ಸಾಲು ಇರುತ್ತದೆ, ಎರಡನ್ನೂ ಸೇರಿಸಿ ಗೊಂದಲ ಮಾಡಿಕೊಳ್ಳಬೇಡಿ. ಆಮೇಲೆ ದೊಡ್ಡ ಸಂಸ್ಥೆಗಳಿಗೆ ಕ್ಯೂಐಪಿ ಮೂಲಕವೂ ಆಜಾದ್ ಷೇರು ಮಾರಿದೆ. ಆ ವರ್ಷಕ್ಕೂ ಇದೇ ಭಾಗಾಕಾರ.

ಇದನ್ನು ಉಲ್ಟಾ ಮಾಡಿದರೆ ಒಳ್ಳೆಯ ಪರೀಕ್ಷೆ ಆಗುತ್ತದೆ. ಸೇರಿದ ಪ್ರೀಮಿಯಂ ಮೊತ್ತವನ್ನು ಹೊಸ ಷೇರುಗಳ ಸಂಖ್ಯೆಯಿಂದ ಭಾಗಿಸಿ, ಮುಖಬೆಲೆ ಕೂಡಿಸಿ. ಸರಾಸರಿ ಹಂಚಿಕೆ ಬೆಲೆ ಸಿಗುತ್ತದೆ. ಅದು ಆ ಕಾಲದ ಪೇಟೆ ಬೆಲೆಗಿಂತ ತುಂಬಾ ಕೆಳಗಿದ್ದರೆ, ಯಾರಿಗೆ ಅಷ್ಟು ಅಗ್ಗಕ್ಕೆ ಕೊಟ್ಟರು ಎಂದು ಹುಡುಕಿ. ನೌಕರರಿಗೋ, ಹಳೆಯ ಒಪ್ಪಂದದಂತೆ ಷೇರಾಗಿ ಬದಲಾದ ಡಿಬೆಂಚರ್‌ಗೋ (ಸಾಲಪತ್ರಕ್ಕೋ), ಪ್ರವರ್ತಕರ ವಾರಂಟ್‌ಗೋ? ಉತ್ತರ ಟಿಪ್ಪಣಿಯಲ್ಲಿ ಇದ್ದೇ ಇರುತ್ತದೆ.

ವಾರಂಟ್ ಅಂದರೆ ಗೊತ್ತಾದ ಬೆಲೆಗೆ ಮುಂದೆ ಷೇರು ಪಡೆಯುವ ಹಕ್ಕು. ಸಣ್ಣ ಕಂಪನಿಗಳಲ್ಲಿ ಈ ವ್ಯವಹಾರ ಜಾಸ್ತಿ. ಪ್ರವರ್ತಕರು ಮೊದಲು ಕಾಲು ಭಾಗ ದುಡ್ಡು ಕಟ್ಟುತ್ತಾರೆ, ಉಳಿದದ್ದಕ್ಕೆ 18 ತಿಂಗಳ ಸಮಯ. ಷೇರು ಆಗುವವರೆಗೆ ಆ ದುಡ್ಡು ಬೇರೆ ಸಾಲಿನಲ್ಲಿ ಕೂತಿರುತ್ತದೆ, ಪ್ರೀಮಿಯಂಗೆ ಬರುವುದಿಲ್ಲ.

ಬೋಯಿಂಗ್‌ನ ಆರು ವರ್ಷ

ಕಾರಣದ ಕಾಲಮ್ ಯಾಕೆ ಬೇಕು ಎಂದು ತಿಳಿಯಲು ಬೋಯಿಂಗ್‌ಗಿಂತ ಒಳ್ಳೆಯ ಪಾಠ ಇಲ್ಲ. ವರ್ಷದ ಕೊನೆಯ ಅಂಕಿಗಳು ಇವು, ಎಲ್ಲ ಮಿಲಿಯನ್ ಡಾಲರ್‌ನಲ್ಲಿ:

2019: 6,745
2020: 7,787
2021: 9,052
2022: 9,947
2023: 10,309
2024: 18,964

2020 ಅಂದರೆ ಕೊರೋನಾ, ಜೊತೆಗೆ 737 ಮ್ಯಾಕ್ಸ್ ನೆಲಕ್ಕಿಳಿದಿದ್ದ ಕಾಲ. ಆ ವರ್ಷ ಬೋಯಿಂಗ್ ಪೇಟೆಯಲ್ಲಿ ಹೊಸ ಷೇರು ಮಾರಲಿಲ್ಲ, ಸಾಲ ಎತ್ತಿತು. ಆದರೂ ಪ್ರೀಮಿಯಂ ಒಂದು ಬಿಲಿಯನ್‌ನಷ್ಟು ಏರಿದೆ. ಕಾರಣ ನಗದು ಉಳಿಸುವ ಉಪಾಯ. ನೌಕರರ ಪಿಂಚಣಿ ನಿಧಿಗೆ 3 ಬಿಲಿಯನ್ ಡಾಲರ್‌ನಷ್ಟನ್ನು ದುಡ್ಡಿನ ಬದಲು ತನ್ನದೇ ಷೇರಿನಲ್ಲಿ ಕೊಟ್ಟಿತು. ನಿವೃತ್ತಿ ಉಳಿತಾಯ ಖಾತೆಗಳಿಗೆ ಕಂಪನಿ ಹಾಕಬೇಕಾದ ಪಾಲನ್ನೂ ಸ್ವಲ್ಪ ಕಾಲ ಷೇರಿನಲ್ಲೇ ಕೊಟ್ಟಿತು. ಹಾಗಾಗಿ ಪ್ರೀಮಿಯಂ ಏರಿತು ಅಂದ ಮಾತ್ರಕ್ಕೆ ನಗದು ಬಂತು ಎಂದು ಓದಬಾರದು.

2024ರದ್ದು ಇನ್ನೂ ಸ್ವಾರಸ್ಯ. ನೌಕರರ ಮುಷ್ಕರ ನಡೆಯುತ್ತಿದ್ದಾಗಲೇ ಅಕ್ಟೋಬರ್ ಕೊನೆಗೆ ಬೋಯಿಂಗ್ ಸುಮಾರು 24 ಬಿಲಿಯನ್ ಡಾಲರ್ ಎತ್ತಿತು. ಸಾಮಾನ್ಯ ಷೇರಿನ ಬೆಲೆ 143 ಡಾಲರ್, ಜೊತೆಗೆ ಮುಂದೆ ಷೇರಾಗಿ ಬದಲಾಗಲೇಬೇಕಾದ ಪ್ರಿಫರೆನ್ಸ್ ಷೇರು 5.75 ಬಿಲಿಯನ್‌ನಷ್ಟು. ಆದರೆ ಮೇಲಿನ ಪಟ್ಟಿ ನೋಡಿ. ಏರಿಕೆ 8.7 ಬಿಲಿಯನ್ ಕೂಡ ಇಲ್ಲ. ಉಳಿದ ದುಡ್ಡು ಎಲ್ಲಿ ಹೋಯಿತು?

ಅದಕ್ಕೆ ಟ್ರೆಷರಿ ಸ್ಟಾಕ್ ಸಾಲನ್ನು ನೋಡಬೇಕು. ಬೋಯಿಂಗ್ ಒಳ್ಳೆಯ ಕಾಲದಲ್ಲಿ ತನ್ನ ಷೇರನ್ನು ತಾನೇ ರಾಶಿ ರಾಶಿ ವಾಪಸ್ ಕೊಂಡಿತ್ತು. ಅವನ್ನು ರದ್ದು ಮಾಡದೆ ಕಪಾಟಿನಲ್ಲಿ ಇಟ್ಟಿತ್ತು. ಆ ಖರ್ಚು ಬ್ಯಾಲೆನ್ಸ್ ಶೀಟ್‌ನಲ್ಲಿ ಕಳೆಯುವ ಅಂಕಿಯಾಗಿ ಇರುತ್ತದೆ. 2024ರಲ್ಲಿ ಮಾರಿದ ಸಾಮಾನ್ಯ ಷೇರುಗಳು ಆ ಕಪಾಟಿನಿಂದಲೇ ಬಂದವು. ಹಾಗಾಗಿ ಕಳೆಯುವ ಅಂಕಿ 49.5 ಬಿಲಿಯನ್‌ನಿಂದ 32.4 ಬಿಲಿಯನ್‌ಗೆ ಇಳಿಯಿತು. ಹಿಂದೆ ಕೊಂಡ ಸರಾಸರಿ ಬೆಲೆಗೂ ಈಗ ಮಾರಿದ 143ಕ್ಕೂ ಇರುವ ವ್ಯತ್ಯಾಸ ಮಾತ್ರ ಪ್ರೀಮಿಯಂಗೆ ಸೇರಿತು. ಪ್ರಿಫರೆನ್ಸ್ ಷೇರಿನ ಮುಖಬೆಲೆ ಒಂದೇ ಡಾಲರ್, ಅದರ ಹಿಂದೆ ಬಂದದ್ದು ಸಾವಿರ ಡಾಲರ್. ಹಾಗಾಗಿ ಅದು ಹೆಚ್ಚುಕಡಿಮೆ ಪೂರ್ತಿ ಪ್ರೀಮಿಯಂಗೇ ಬಂತು. ಷೇರು ಬಂಡವಾಳದ ಸಾಲು ಮಾತ್ರ 5,061 ಮಿಲಿಯನ್‌ನಲ್ಲೇ ನಿಂತಿತ್ತು, ಕಪಾಟಿನಲ್ಲಿದ್ದವು ಮೊದಲೇ ಲೆಕ್ಕದಲ್ಲಿದ್ದ ಷೇರುಗಳಲ್ಲವೇ.

ಆದ್ದರಿಂದ ಅಮೆರಿಕದ ಕಂಪನಿಯ ಹಾಳೆಗೆ ‘ಟ್ರೆಷರಿ ಸ್ಟಾಕ್’ ಎಂಬ ಇನ್ನೊಂದು ಕಾಲಮ್ ಸೇರಿಸಿ. ಅದಿಲ್ಲದೆ ಪ್ರೀಮಿಯಂ ಅರ್ಧ ಕತೆ ಮಾತ್ರ ಹೇಳುತ್ತದೆ.

ಲಾಕ್‌ಹೀಡ್ ಮಾರ್ಟಿನ್ ಇದಕ್ಕೆ ಪೂರ್ತಿ ಉಲ್ಟಾ. ಎಫ್-35 ಮಾಡುವ ಅಷ್ಟು ದೊಡ್ಡ ಕಂಪನಿಯ ಪ್ರೀಮಿಯಂ ಸಾಲಿನಲ್ಲಿ ಎಷ್ಟೋ ವರ್ಷ ಬರೀ ಅಡ್ಡಗೆರೆ. 2023ರ ಕೊನೆಗೂ ಸೊನ್ನೆ. ದುಡ್ಡಿಲ್ಲ ಅಂತ ಅಲ್ಲ. ಅದು ವಾಪಸ್ ಕೊಂಡ ಷೇರನ್ನು ರದ್ದು ಮಾಡುತ್ತದೆ. ಮುಖಬೆಲೆ ಒಂದು ಡಾಲರನ್ನು ಷೇರು ಬಂಡವಾಳದಿಂದ ಕಳೆಯುತ್ತದೆ, ಉಳಿದದ್ದನ್ನು ಪ್ರೀಮಿಯಂನಿಂದ. ಪ್ರೀಮಿಯಂ ಖಾಲಿಯಾದ ಮೇಲೆ ಲಾಭದ ಉಳಿಕೆಯಿಂದ. ವರ್ಷವಿಡೀ ನೌಕರರ ಷೇರಿನಿಂದ ಸೇರಿದ್ದು ವರ್ಷದ ಕೊನೆಗೆ ಬೈಬ್ಯಾಕ್‌ನಲ್ಲಿ ಕರಗಿ ಹೋಗುತ್ತದೆ. ಬೋಯಿಂಗ್ ಮತ್ತು ಲಾಕ್‌ಹೀಡ್‌ನ ಪ್ರೀಮಿಯಂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಬಲವಾದ ಕಂಪನಿ ಎಂದು ತೀರ್ಮಾನ ಮಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಒಂದು ಕಂಪನಿಯನ್ನು ಅದರದೇ ಹಿಂದಿನ ವರ್ಷದ ಜೊತೆ ಮಾತ್ರ ಹೋಲಿಸಿ.

ನಮ್ಮ ಕಾನೂನು ಏನು ಹೇಳುತ್ತದೆ

ಭಾರತದಲ್ಲಿ ಪ್ರೀಮಿಯಂ ದುಡ್ಡನ್ನು ಬೇಕಾದ ಹಾಗೆ ಬಳಸುವ ಹಾಗಿಲ್ಲ. 2013ರ ಕಂಪನಿ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೆ ಬೇಲಿ ಹಾಕಿದೆ. ಪೇಟೆಯಲ್ಲಿರುವ ಕಂಪನಿಗೆ ಮುಖ್ಯವಾಗಿ ಮೂರು ದಾರಿ: ಬೋನಸ್ ಷೇರು ಕೊಡಲು, ಷೇರು ಹಂಚಿಕೆಯ ಖರ್ಚು ಕಳೆಯಲು, ತನ್ನ ಷೇರನ್ನು ವಾಪಸ್ ಕೊಳ್ಳಲು. ಡಿವಿಡೆಂಡ್ ಕೊಡುವಂತಿಲ್ಲ. ಬೈಬ್ಯಾಕ್ ಆದಾಗ ರದ್ದಾದ ಷೇರಿನ ಮುಖಬೆಲೆಯಷ್ಟನ್ನು ‘ಕ್ಯಾಪಿಟಲ್ ರಿಡೆಂಪ್ಷನ್ ರಿಸರ್ವ್’ಗೆ ಎತ್ತಿಡಬೇಕು. ಆ ಕಾಲಮ್ ಬೆಳೆದಿದ್ದರೆ ಬೈಬ್ಯಾಕ್ ನಡೆದಿದೆ ಎಂದು ಗೊತ್ತಾಗುತ್ತದೆ.

ಒಂದು ಇಳಿಕೆಯ ಮೇಲೆ ಮಾತ್ರ ಕಣ್ಣಿಡಿ. ಪ್ರೀಮಿಯಂ ದೊಡ್ಡದಾಗಿ ಇಳಿದಿದೆ, ಬೋನಸ್ ಇಲ್ಲ, ಬೈಬ್ಯಾಕ್ ಇಲ್ಲ, ಅದೇ ವರ್ಷ ಹಳೆಯ ನಷ್ಟವೂ ಮಾಯವಾಗಿದೆ. ಹಾಗಿದ್ದರೆ ಕಂಪನಿ ಎನ್‌ಸಿಎಲ್‌ಟಿಯ (ಕಂಪನಿ ವ್ಯವಹಾರಗಳ ನ್ಯಾಯಮಂಡಳಿಯ) ಒಪ್ಪಿಗೆ ಪಡೆದು ನಷ್ಟವನ್ನು ಪ್ರೀಮಿಯಂ ವಿರುದ್ಧ ಹೊಡೆದು ಹಾಕಿದೆ. ಕಾನೂನಿಗೆ ವಿರುದ್ಧ ಅಲ್ಲ. ಆದರೆ ಷೇರುದಾರರು ಹಾಕಿದ ದುಡ್ಡು ನಷ್ಟದಲ್ಲಿ ಹೋಯಿತು ಎನ್ನುವ ಗುರುತು ಇನ್ನು ಮುಂದಿನ ಬ್ಯಾಲೆನ್ಸ್ ಶೀಟ್‌ಗಳಲ್ಲಿ ಕಾಣಿಸುವುದಿಲ್ಲ. ನಿಮ್ಮ ಹಾಳೆಯಲ್ಲಿ ಕಾಣಿಸಬೇಕು. ಕೆಂಪು ಶಾಯಿಯಲ್ಲೇ ಬರೆಯಿರಿ.

ಎಡವುವ ಜಾಗಗಳು

ಷೇರು ಒಡೆದರೆ ಪ್ರೀಮಿಯಂ ಬದಲಾಗುವುದಿಲ್ಲ. ಎಚ್‌ಎಎಲ್ 2023ರಲ್ಲಿ 10 ರೂಪಾಯಿಯ ಷೇರನ್ನು 5 ರೂಪಾಯಿಯ ಎರಡು ಮಾಡಿತು. 33.44 ಕೋಟಿ ಷೇರು 66.88 ಕೋಟಿ ಆಯಿತು. ಷೇರು ಬಂಡವಾಳ ಮೊದಲಿನಂತೆ 334.39 ಕೋಟಿಯೇ. ಬೋನಸ್ ಹಾಗಲ್ಲ, ಅಲ್ಲಿ ಯಾವುದೋ ರಿಸರ್ವ್‌ನಿಂದ ದುಡ್ಡು ಷೇರು ಬಂಡವಾಳಕ್ಕೆ ಹೋಗುತ್ತದೆ. ಅದು ಪ್ರೀಮಿಯಂನಿಂದಲೇ ಹೋಗಬೇಕೆಂದೂ ಇಲ್ಲ. ಯಾವುದರಿಂದ ಎಂದು ಟಿಪ್ಪಣಿ ಓದಿಯೇ ತಿಳಿಯಬೇಕು.

ಅಳತೆಯ ಬಗ್ಗೆ ಎಚ್ಚರ. ಒಂದು ಕಂಪನಿ ಲಕ್ಷದಲ್ಲಿ ಬರೆದರೆ ಇನ್ನೊಂದು ಕೋಟಿಯಲ್ಲಿ, ಮತ್ತೊಂದು ಮಿಲಿಯನ್‌ನಲ್ಲಿ. ಕೆಲವು ನಡುವೆ ಬದಲಾಯಿಸುತ್ತವೆ ಕೂಡ. ಹತ್ತು ಮಿಲಿಯನ್ ಅಂದರೆ ಒಂದು ಕೋಟಿ. ಎಲ್ಲವನ್ನೂ ಕೋಟಿಗೆ ತಂದೇ ಹಾಳೆಗೆ ಹಾಕಿ. ಡಾಲರ್ ಅಂಕಿಗಳನ್ನು ರೂಪಾಯಿ ಮಾಡಲು ಹೋಗಬೇಡಿ, ವಿನಿಮಯ ದರದ ಏರಿಳಿತ ಸೇರಿ ಪೂರ್ತಿ ಗಲಿಬಿಲಿ ಆಗುತ್ತದೆ. ಕಂಪನಿಯೊಂದರದ್ದೇ ಲೆಕ್ಕ, ಗುಂಪಿನ ಒಟ್ಟು ಲೆಕ್ಕ ಎರಡೂ ವರದಿಯಲ್ಲಿ ಇರುತ್ತವೆ. ಒಂದನ್ನು ಹಿಡಿದ ಮೇಲೆ ಹತ್ತು ವರ್ಷಕ್ಕೂ ಅದನ್ನೇ ಹಿಡಿಯಿರಿ.

ಇನ್ನು ನೌಕರರ ಷೇರು. ಅಮೆರಿಕದಲ್ಲಿ ಅದರ ಖರ್ಚು ವರ್ಷವರ್ಷ ನೇರ ಪ್ರೀಮಿಯಂಗೆ ಸೇರುತ್ತದೆ. ನಮ್ಮಲ್ಲಿ ಮೊದಲು ಬೇರೆ ರಿಸರ್ವ್‌ನಲ್ಲಿ ಕೂತು, ನೌಕರ ಷೇರು ತೆಗೆದುಕೊಂಡ ಮೇಲೆ ಪ್ರೀಮಿಯಂಗೆ ಬರುತ್ತದೆ. ಆ ದಿನ ಅಷ್ಟೂ ದುಡ್ಡು ನಗದಾಗಿ ಬಂತು ಎಂದು ತಿಳಿಯಬೇಡಿ.

ಯಾವಾಗ ತುಂಬುವುದು

ಬೋಯಿಂಗ್, ಲಾಕ್‌ಹೀಡ್‌ನಂತಹ ಕಂಪನಿಗಳ ವರ್ಷ ಮುಗಿಯುವುದು ಡಿಸೆಂಬರ್‌ಗೆ. 10-ಕೆ ಸಲ್ಲಿಸಲು ಅವಕ್ಕೆ 60 ದಿನ ಇದೆ, ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಸಿಕ್ಕಿಬಿಡುತ್ತದೆ. ನಮ್ಮವು ಮಾರ್ಚ್‌ಗೆ ಮುಗಿಸಿ, ಸೆಪ್ಟೆಂಬರ್ ಒಳಗೆ ವಾರ್ಷಿಕ ಸಭೆ ನಡೆಸಬೇಕು. ಸಭೆಯ ನೋಟಿಸ್ ಜೊತೆಗೇ ವರದಿ ಬರುತ್ತದೆ, ಸಾಮಾನ್ಯವಾಗಿ ಜುಲೈಯಿಂದ ಸೆಪ್ಟೆಂಬರ್ ಮೊದಲ ವಾರದ ಒಳಗೆ. ಹೊರಗೆ ಮಳೆ, ತೋಟಕ್ಕೆ ಇಳಿಯಲು ಆಗದ ದಿನಗಳು. ಮೊದಲ ಸಲ ಹತ್ತು ವರ್ಷದ ಹಾಳೆ ತುಂಬಲು ಒಂದು ಮಧ್ಯಾಹ್ನ ಬೇಕು. ಆಮೇಲೆ ವರ್ಷಕ್ಕೊಂದು ಸಾಲು ಅಷ್ಟೆ. ಷೇರುಗಳ ಸಂಖ್ಯೆ ಕಳೆದ ವರ್ಷದಷ್ಟೇ ಇದ್ದು ಪ್ರೀಮಿಯಂ ಮಾತ್ರ ಬದಲಾಗಿದ್ದರೆ ಅವತ್ತು ಸ್ವಲ್ಪ ಜಾಸ್ತಿ ಹೊತ್ತು ಕೂತು ಟಿಪ್ಪಣಿ ಓದಿ.